ಆಮೆನ್ ಹೇಳುವ ತನಕ

ಗುರುವಾರ, ಮಧ್ಯಾಹ್ನ

ಅಮ್ಮಾ,

ನಿನ್ನ ಗುಂಡಮ್ಮನ ಕಾಗದ ಕಂಡು ಗಾಬರಿಯಾಗಬೇಡ. ಕೈಕಾಲು ನೆಟ್ಟಗಿವೆ. ಬಾಯಿಬಿಟ್ಟು ಹೇಳಲು ಧೈರ್ಯವಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ತಂಗಿಯ ಮದುವೆಗೆ ರಜೆ ಸಿಗುತ್ತಿಲ್ಲ ಎಂದು ಮೆಸೇಜ್ ಮಾಡಿದ್ದು ಸುಳ್ಳು. ಹೋದ ತಿಂಗಳು ಬೇಕರಿಯ ದೊಡ್ಡ ಒಲೆ ಭಗ್ಗೆಂದು ಮುಖಕ್ಕೆ ಹೊಡೆಯಿತು. ಎಡಗೆನ್ನೆ ಕಿವಿಯವರೆಗೆ ಸುಟ್ಟಿತು. ಕಣ್ಣಿಗೆ ಏನೂ ಆಗಿಲ್ಲ, ಹುಬ್ಬು ಮತ್ತೆ ಬರುತ್ತಿದೆ. ಗಾಯ ಮಾಗಿದೆ, ಕಲೆ ಮಾತ್ರ ಹೋಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ.

ತಪ್ಪು ಒಲೆಯದಲ್ಲ. ಮೊದಲು ಕಡ್ಡಿ ಗೀರು, ಆಮೇಲೆ ಗ್ಯಾಸ್ ತಿರುಗಿಸು ಎಂದು ಹೊಸಬರಿಗೆಲ್ಲ ಕಲಿಸುವವಳು ನಾನೇ. ಅಂದು ಗ್ಯಾಸ್ ತಿರುಗಿಸಿ, ಫೋನ್ ಹಿಡಿದು ನಿಂತು, ಆಮೇಲೆ ಕಡ್ಡಿ ಗೀರಿದೆ. ಆಸ್ಪತ್ರೆಗೆ ಬಂದ ಬೇಕರಿಯ ಯಜಮಾನರು, "ಏನ್ ಮೇಷ್ಟ್ರಮ್ಮ, ಹೇಳೋದು ಆಚಾರ, ಮಾಡೋದು ಅನಾಚಾರನಾ?" ಎಂದು ನಗಿಸಲು ನೋಡಿದರು. ನಾನು ಗೋಡೆಯ ಕಡೆ ತಿರುಗಿಕೊಂಡೆ.

ಮನೆಗೆ ಬಾರದಿರಲು ಕಾರಣ ನಿನ್ನ ಕೈ. ಬೇರೆಯವರು ತಲೆಯ ಮೇಲೆ ಕೈಯಿಟ್ಟು ಹರಸುತ್ತಾರೆ. ನೀನು ಎರಡೂ ಅಂಗೈಯಲ್ಲಿ ಮುಖ ಹಿಡಿದು, ಹಿಂದೆ ಹೀಬ್ರೂ ಯಾಜಕರು ಜನರನ್ನು ಹರಸುತ್ತಿದ್ದ ಆ ಮೂರು ಸಾಲು ಹೇಳುತ್ತೀಯ: ದೇವರು ನಿನ್ನನ್ನು ಕಾಪಾಡಲಿ, ಆತನ ಮುಖ ನಿನ್ನ ಮೇಲೆ ಬೆಳಗಲಿ, ಆತ ನಿನ್ನತ್ತ ನೋಡಿ ಸಮಾಧಾನ ಕೊಡಲಿ. ಮದುವೆಗೆ ಬಂದವರ ಮುಂದೆ ನಿನ್ನ ಬೆರಳು ಆ ಕಲೆಗೆ ತಾಗುವುದನ್ನು ನೆನೆದರೆ, ಭೂಮಿ ಬಾಯಿಬಿಡಬಾರದೇ ಎನಿಸುತ್ತಿತ್ತು.

ಪಟ್ಟಿ ಬಿಚ್ಚಿದ ದಿನ ನರ್ಸು, "ಕನ್ನಡಿ ಕೊಡ್ಲಾ ಅಕ್ಕ? ನೋಡ್ಲೇಬೇಕು ಅಂತೇನಿಲ್ಲ" ಎಂದಳು. ಬೇಡವೆಂದು ಕಣ್ಣು ಮುಚ್ಚಿಕೊಂಡೆ. ಬಾಯಿಗೆ ಬೇರೇನೂ ಬರಲಿಲ್ಲ, ಆ ಸಾಲುಗಳೇ ಬಂದವು. ಹುಟ್ಟಿದಾಗಿನಿಂದ ಕೇಳಿದ್ದರೂ ಒಂದು ಸಂಗತಿಯನ್ನು ಗಮನಿಸಿರಲಿಲ್ಲ. ಅಲ್ಲಿ ಬೆಳಗಬೇಕಾದದ್ದು ನೋಡುವವನ ಮುಖ. ನೋಡಿಸಿಕೊಳ್ಳುವವಳ ಮುಖ ಹೇಗಿರಬೇಕೆಂದು ಒಂದು ಮಾತೂ ಇಲ್ಲ. ಕನ್ನಡಿ ಕೇಳಿ ಪಡೆದೆ. ಅತ್ತದ್ದು ನಿಜ. ಆದರೆ ಪೂರ್ತಿ ನೋಡಿದೆ.

ನಾಚಿಕೆ ಹೋಯಿತು ಎನ್ನಲಾರೆ. ಬಸ್ಸಿನಲ್ಲಿ ಇನ್ನೂ ಎಡಗಡೆಯ ಕಿಟಕಿಯನ್ನೇ ಹುಡುಕುತ್ತೇನೆ. ಆದರೂ ಮುಂದಿನ ವಾರ ಶನಿವಾರ ಮದುವೆಗೆ ಬರುತ್ತೇನೆ. ತಂಗಿಗೆ ಮೊದಲೇ ಹೇಳಿಡು: ನನ್ನನ್ನು ನೋಡಿ ಅತ್ತು ಅಲಂಕಾರ ಕೆಡಿಸಿಕೊಂಡರೆ, ಫೋಟೊದಲ್ಲಿ ಅವಳೇ ನನಗಿಂತ ಕೆಟ್ಟದಾಗಿ ಕಾಣುತ್ತಾಳೆ. ನೀನು ಬಾಗಿಲಲ್ಲಿ ಎಂದಿನಂತೆ ಮುಖ ಹಿಡಿದುಕೋ. ಎಡಗಡೆ ಸ್ವಲ್ಪ ಮೆಲ್ಲಗೆ.

ನಿನ್ನ
ಗುಂಡಮ್ಮ

ಕಾಗದ ಮಡಚಿ, ಮತ್ತೆ ಬಿಚ್ಚಿ ಬರೆದದ್ದು: ಅಂದು ಫೋನ್ ಮಾಡಿದ್ದು ಯಾರೆಂದು ತಿಳಿಸದೆ ಬಿಟ್ಟಿದ್ದೆ. ಅದು ನೀನೇ ಅಮ್ಮ, ದಿನವೂ ಬೆಳಿಗ್ಗೆ ಹರಸಲು ಮಾಡುವ ಫೋನ್. ಆಮೆನ್ ಹೇಳುವ ತನಕ ಕದಲಬಾರದೆಂದು ಚಿಕ್ಕಂದಿನಿಂದ ಕಲಿಸಿದ್ದೀಯ. ಗ್ಯಾಸ್ ಬಿಟ್ಟದ್ದು ಮರೆತು ತಲೆಬಾಗಿಸಿ ನಿಂತಿದ್ದೆ. ಕಾಪಾಡಲಿ ಎಂದವಳ ಮೇಲೆಯೇ ಸಿಟ್ಟು ಮಾಡಿಕೊಂಡು ಅಂದಿನಿಂದ ನಿನ್ನ ಫೋನ್ ಎತ್ತಲಿಲ್ಲ. ಕೆನ್ನೆಯ ಕಲೆಗಿಂತ ಇದಕ್ಕೇ ನನಗೆ ಹೆಚ್ಚು ನಾಚಿಕೆ. ನಿನ್ನದೇನೂ ತಪ್ಪಿಲ್ಲ. ಫೋನ್ ಮಾಡುವುದನ್ನು ನಿಲ್ಲಿಸಬೇಡ, ಆರಕ್ಕೆ ಬದಲು ಆರೂವರೆಗೆ ಮಾಡು. ಅಷ್ಟು ಹೊತ್ತಿಗೆ ಒಲೆ ಹಚ್ಚಿರುತ್ತೇನೆ.