ಹಲಗೆ ಹೊಡೆದ ಸೇತುವೆಯ ಕೆಳಗಿನಿಂದ

ಮಾನ್ಯ ರಸ್ತೆ ಅಧಿಕಾರಿಗಳೇ,

ನಮ್ಮ ಹೆದ್ದಾರಿ ಎಕ್ಸಿಟ್ಟಿನ ಬಳಿಯ ಸೇತುವೆಯ ಹೊಟ್ಟೆಗೆ ನೀವು ಮರದ ಹಲಗೆ ಹೊಡೆಸಿದ್ದೀರಿ, ಉದುರುವ ಕಾಂಕ್ರೀಟ್ ಕೆಳಗೆ ಹೋಗುವ ಕಾರುಗಳ ಮೇಲೆ ಬೀಳದಿರಲಿ ಎಂದು. ಅದು ಏಕೆ ಉದುರುತ್ತಿದೆ, ಒಳಗೆ ಉಕ್ಕು ಎಷ್ಟು ಉಳಿದಿದೆ ಎಂದು ಇಂಗ್ಲಿಷಿನಲ್ಲಿ ಹಲವು ಸಲ ಬರೆದು ಕೇಳಿದೆ. "ನಿಮ್ಮ ಕಾಳಜಿ ನಮಗೆ ಮುಖ್ಯ" ಎಂದು ನಿಮ್ಮ ಯಂತ್ರ ಪ್ರತಿಸಲವೂ ತಪ್ಪದೆ ಉತ್ತರಿಸಿತು. ಹಾಗಾಗಿ ಈ ಸಲ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ, ಕನ್ನಡದಲ್ಲೇ ಬರೆಯುತ್ತಿದ್ದೇನೆ. ನೀವಂತೂ ಓದುವುದಿಲ್ಲ. ಆ ಸೇತುವೆಯ ಕೆಳಗೆ ಹಾದುಹೋಗುವ ನಮ್ಮವರಾದರೂ ಓದಲಿ.

ನನಗೆ ಈ ಭಯ ಹುಟ್ಟಿದ್ದು ಈ ಸಲದ ಆಯುಧಪೂಜೆಯ ದಿನ, ಮಿಷಿಗನ್ನಿನ ಪ್ಲಿಮತ್‌ನ ನಮ್ಮ ಮನೆಯ ಡ್ರೈವ್‌ವೇಯಲ್ಲಿ. ಮಗಳು ಮಂಜರಿಯ ಕಾರನ್ನು ತೊಳೆದು, ಕುಂಕುಮ ಹಚ್ಚಿ, ಬಾನೆಟ್ಟಿಗೆ ಚೆಂಡುಹೂವಿನ ಹಾರ ಹಾಕಿದ್ದೆವು. ಚಕ್ರದಡಿ ನಿಂಬೆಹಣ್ಣು ಇಡಲು ಬಗ್ಗಿದ ನನ್ನ ಗಂಡ ಬಾಲು ಮೇಲೇಳಲೇ ಇಲ್ಲ.

"ಏನ್ರೀ, ಸೊಂಟ ಹಿಡ್ಕೊಳ್ತಾ?" ಎಂದೆ.

"ಸೊಂಟ ಅಲ್ಲ ಕಣೇ, ಇಲ್ಲಿ ಬಗ್ಗಿ ನೋಡು. ಕಾರು ತುಕ್ಕು ಹಿಡಿದು ಹಪ್ಪಳದ ಥರ ಉದುರ್ತಾ ಇದೆ."

ಮಂಜರಿ ಹುಟ್ಟಿ ಬೆಳೆದವಳು ಇಲ್ಲೇ. "ರಿಲ್ಯಾಕ್ಸ್, ಅಪ್ಪಾ. ಇಟ್ಸ್ ಮಿಷಿಗನ್. ಎವ್ರಿಬಡೀಸ್ ಕಾರ್ ರಸ್ಟ್ಸ್," ಎಂದು ನಕ್ಕಳು.

ಮಾರನೆಯ ದಿನ ಮೆಕ್ಯಾನಿಕ್ ಕಾರನ್ನು ಮೇಲೆತ್ತಿ, ಬ್ರೇಕಿನ ಕೊಳವೆಯನ್ನು ಹೆಬ್ಬೆರಳಿನಿಂದ ಒತ್ತಿದ. ಅದು ಒಡೆದು ಎಣ್ಣೆ ಅವನ ಮುಂಗೈಗೆ ಇಳಿಯಿತು. ಮಂಜರಿ ಆಗ ನಗಲಿಲ್ಲ. ಅದೇ ಕಾರಿನ ಹಿಂದಿನ ಸೀಟಿನಲ್ಲಿ ಅವಳ ಮಗಳು, ಆರು ವರ್ಷದ ಮಾನ್ಯಾ, ದಿನವೂ ಶಾಲೆಗೆ ಹೋಗುತ್ತಿದ್ದಳು.

ನಾವೂ ಜಾಣರೇನಲ್ಲ. ವರ್ಷವರ್ಷವೂ ಪೂಜೆಗೆಂದು ಮೇಲೆ ಮಾತ್ರ ತೊಳೆದೆವು. ಚಳಿಗಾಲದಲ್ಲಿ ಹಿಮ ಕರಗಿಸಲು ನೀವು ರಸ್ತೆಗೆ ಹಾಕುವ ಉಪ್ಪು ಮೆತ್ತಿದ ಕಾರನ್ನು ಹಾಗೇ ತಂದು, ಹೀಟರ್ ಹಾಕಿದ ಗ್ಯಾರೇಜಿನಲ್ಲಿ ಬಾಣಂತಿಯಂತೆ ಬೆಚ್ಚಗಿಟ್ಟೆವು. ಒದ್ದೆ ಉಪ್ಪಿಗೆ ಬಿಸಿ ಸಿಕ್ಕರೆ ತುಕ್ಕು ಇನ್ನೂ ಬೇಗ ಹಿಡಿಯುತ್ತದೆ ಎಂದು ಆಮೇಲೆ ಓದಿ ತಿಳಿದೆ. ಆದರೆ ಕಾರಿಗೆ ಹೊಸ ಕೊಳವೆ ಹಾಕಿಸಬಹುದು. ಸೇತುವೆಗೆ?

ಉಪ್ಪು ಹಾಕಲೇಬೇಡಿ ಎನ್ನುವಷ್ಟು ಮೂರ್ಖಳಲ್ಲ ನಾನು. ಕಣ್ಣಿಗೆ ಕಾಣದ ಮಂಜುಗಡ್ಡೆಯ ಮೇಲೆ ನನ್ನ ಕಾರೂ ಗಿರ್ರನೆ ತಿರುಗಿದೆ. ನಾವು ಇಲ್ಲಿಗೆ ಬಂದ ಕಾಲದಲ್ಲಿ ನಿಮ್ಮ ಲಾರಿಗಳು ಹರಳುಪ್ಪು ಎರಚುತ್ತಿದ್ದವು. ಈಗ ಹಿಮ ಬೀಳುವ ಮೊದಲೇ ಬಂದು, ಉಪ್ಪುನೀರಿನ ಬಿಳಿ ಎಳೆಗಳನ್ನು ರಂಗೋಲಿಯಂತೆ ಎಳೆದು ಹೋಗುತ್ತವೆ. ಕಡು ಚಳಿಗೆಂದು ಬೆರೆಸುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಕ್ಲೋರೈಡುಗಳು ಗಾಳಿಯ ತೇವವನ್ನೇ ಹೀರಿಕೊಂಡು ಒದ್ದೆಯಾಗಿಯೇ ಇರುತ್ತವೆ. ಆ ನೀರು ಸೇತುವೆಯ ಸಂದುಗಳಲ್ಲಿ ಇಳಿದು ತೊಲೆಗಳನ್ನು ತಿನ್ನುತ್ತದೆ. ಕಾಂಕ್ರೀಟಿನೊಳಗೆ ಜಿನುಗಿ ಉಕ್ಕಿನ ಸರಳುಗಳನ್ನು ಮುಟ್ಟುತ್ತದೆ. ತುಕ್ಕು ಹಿಡಿದ ಸರಳು ಉಬ್ಬಿ ಕಾಂಕ್ರೀಟನ್ನು ಸೀಳುತ್ತದೆ. ನಿಮ್ಮ ಹಲಗೆಯ ಮೇಲೆ ಬೀಳುತ್ತಿರುವುದು ಆ ಚೂರುಗಳೇ ಅಲ್ಲವೇ? ಹಲಗೆ ಚೂರನ್ನು ತಡೆದೀತು. ತೊಲೆಯನ್ನೂ ತಡೆಯುತ್ತದೆಯೇ? ಅಥವಾ ಉದುರುವುದು ನಮ್ಮ ಕಣ್ಣಿಗೆ ಬೀಳದಿದ್ದರೆ ಸಾಕೇ?

ಉಪ್ಪು ತಿಂದವರು ನೀರು ಕುಡಿಯಲೇಬೇಕು ಎನ್ನುತ್ತದೆ ನಮ್ಮ ಗಾದೆ. ನಿಮ್ಮ ಸೇತುವೆ ಚಳಿಗಾಲವಿಡೀ ಉಪ್ಪು ತಿನ್ನುತ್ತದೆ. ಹಿಮ ಕರಗಿದ ಮೇಲೆ ಪೈಪು ಹಿಡಿದು ಅದರ ಸಂದುಗಳಿಗೆ ನೀರು ಹಾಯಿಸಿದವರನ್ನು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ನೋಡಿಲ್ಲ.

ಬೇರೆ ದಾರಿಯಲ್ಲಿ ಹೋಗಬಾರದೇ ಎನ್ನುತ್ತೀರಾ? ಆ ದಾರಿಯ ಸೇತುವೆಗೂ ಹಲಗೆ ಹೊಡೆಸಿದ್ದೀರಿ.

ಮೊನ್ನೆ ಮಾನ್ಯಾಳನ್ನು ಶಾಲೆಯಿಂದ ಕರೆತರುವಾಗ ಸರಿಯಾಗಿ ಸೇತುವೆಯಡಿಯಲ್ಲೇ ಟ್ರಾಫಿಕ್ ನಿಂತುಬಿಟ್ಟಿತು. ಮೇಲೆ ಲಾರಿ ಹೋದಾಗಲೆಲ್ಲ ಹಲಗೆಯ ಮೇಲೆ ಏನೋ ಉರುಳಿದ ಸದ್ದು. ಕನ್ನಡಿಯಲ್ಲಿ ನೋಡಿದರೆ ಮಗು ಕೆನ್ನೆ ಉಬ್ಬಿಸಿಕೊಂಡು, ಉಸಿರು ಬಿಗಿಹಿಡಿದು ಕೂತಿದೆ. ಸೇತುವೆ ದಾಟುವವರೆಗೆ ಉಸಿರು ಹಿಡಿಯುವುದು ಇಲ್ಲಿನ ಮಕ್ಕಳ ಆಟ. ಹೊರಗೆ ಬಂದ ಮೇಲೆ ಉಫ್ ಎಂದು ಉಸಿರು ಬಿಟ್ಟು, "ಅಜ್ಜೀ, ಯು ವರ್ ಡೂಯಿಂಗ್ ಇಟ್ ಟೂ!" ಎಂದಳು.

ಅವಳು ಆಡುತ್ತಿದ್ದಳು, ಮಾನ್ಯರೇ. ನಾನು ಆಡುತ್ತಿರಲಿಲ್ಲ.

ಮೊದಲ ಹಿಮ ಬೀಳುವ ಮುನ್ನ ಆ ಹಲಗೆಗಳನ್ನು ಬಿಚ್ಚಿಸಿ. ಉಕ್ಕು ಎಷ್ಟು ಉಳಿದಿದೆಯೆಂದು ಅಳೆಸಿ, ಕಂಡದ್ದನ್ನು ಕಂಡ ಹಾಗೆ ನಮಗೆ ಹೇಳಿ. ಭದ್ರವಾಗಿಲ್ಲದಿದ್ದರೆ ರಸ್ತೆ ಮುಚ್ಚಿ. ಎಷ್ಟು ಮೈಲಿಯಾದರೂ ಸುತ್ತಿಕೊಂಡು ಹೋಗುತ್ತೇವೆ. ಉಳಿಯುವ ಸೇತುವೆಗಳನ್ನು ಪ್ರತಿ ವಸಂತದಲ್ಲೂ ತೊಳೆಸಿ. ನಿಂಬೆಹಣ್ಣು ಬೇಕಾದರೆ ನಾವು ತರುತ್ತೇವೆ. ಬಗ್ಗಿ ನೋಡುವ ಕೆಲಸ ಮಾತ್ರ ನಿಮ್ಮದು.

ಇಂತಿ,
ನಿಮ್ಮ ಹಲಗೆಗಳ ಕೆಳಗೆ ಉಸಿರು ಬಿಗಿಹಿಡಿದು ಕಾಯುತ್ತಿರುವ ಅಜ್ಜಿ,
ಪವಿತ್ರ