ದೀಪ ಮಾತ್ರ ಹತ್ತುವ ಗುಂಡಿ

ಬುಧವಾರ, ಮಧ್ಯಾಹ್ನ
ಗ್ಯಾರೇಜಿನ ಹಿಂದಿನ ಕೋಣೆಯಿಂದ

ಮಗಳಿಗೆ ಅಮ್ಮನ ಆಶೀರ್ವಾದ.

ಇಲ್ಲಿ ಎಲ್ಲ ಕ್ಷೇಮ ಎಂದು ಮೊದಲು ಬರೆಯಬೇಕಂತೆ. ಕ್ಷೇಮವೇ. ಆದರೆ ನಿನ್ನೆ ಊಟವಾದ ಮೇಲೆ, ಯಾವುದೋ ಗಾಡಿಯಿಂದ ಬಿಚ್ಚಿಟ್ಟ ಸೀಟಿನ ಮೇಲೆ ಹತ್ತು ನಿಮಿಷ ಕಣ್ಣು ಮುಚ್ಚಿದೆ. ಅಷ್ಟರಲ್ಲೇ ಕೆಟ್ಟ ಕನಸು. ನಿನ್ನ ನೀಲಿ ಗಾಡಿ ದೊಡ್ಡ ರಸ್ತೆಯ ನಟ್ಟನಡುವೆ ನಿಂತಿದೆ. ಮುಂದೆ ಏನೂ ಇಲ್ಲ, ಒಂದು ನಾಯಿಯೂ ಇಲ್ಲ. ನೀನು ಒಳಗೆ ಕೂತು ಸ್ಟೀರಿಂಗ್ ಗುದ್ದುತ್ತಿದ್ದೀಯ. ನಾನು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ ವೈರು ಹುಡುಕುತ್ತಿದ್ದೇನೆ, ನೋಡಿದರೆ ಎಲ್ಲ ವೈರೂ ಬಿಳಿ. ಏಳನೇ ಕ್ಲಾಸಿಗೆ ಓದು ಬಿಟ್ಟು ಗಾಡಿಗಳ ವೈರಿನ ಕೆಲಸಕ್ಕೆ ಬಂದವಳಿಗೆ ಬಣ್ಣವೇ ಅಕ್ಷರ ಎಂದು ನಿನಗೆ ಗೊತ್ತು. ಎಲ್ಲವೂ ಬಿಳಿಯಾದರೆ ನಾನು ಏನು ಓದಲಿ? ಹಿಂದಿನಿಂದ ಲಾರಿಯ ಹಾರನ್ ಕೇಳಿ ದಡಕ್ಕನೆ ಎದ್ದೆ. ಹೊರಗೆ ಗ್ಯಾರೇಜಿನ ಯಜಮಾನರು ಯಾರದೋ ಗಾಡಿಯ ಹಾರನ್ ಒತ್ತಿ ನೋಡುತ್ತಿದ್ದರು.

ಈ ವಾರ ನಿನಗೆ ಮೂರು ಸಲ ಫೋನ್ ಮಾಡಿದೆ. ಒಂದು ಸಲ ನಿನ್ನ ಕೆಮ್ಮಿನ ಬಗ್ಗೆ ಕೇಳಿದೆ, ಇನ್ನೊಂದು ಸಲ ಬಾಗಿಲ ಚಿಲಕದ ಬಗ್ಗೆ, ಮೂರನೆಯ ಸಲ ಮತ್ತೆ ಕೆಮ್ಮಿನ ಬಗ್ಗೆ. "ಅಮ್ಮಾ, ಕೆಮ್ಮು ಹೋಗಿ ಹದಿನೈದು ದಿನ ಆಯ್ತು. ನೀನು ಹೀಗೆ ವಿಚಾರಿಸ್ತಾ ಇದ್ರೆ, ಯಾರೋ ಕರೀತಿದಾರೆ ಅಂತ ಅದೇ ವಾಪಸ್ ಬರುತ್ತೆ" ಎಂದು ನೀನು ನಕ್ಕೆ. ಹೇಳಬೇಕಾದದ್ದನ್ನು ಹೇಳದೆ ಫೋನ್ ಇಟ್ಟೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ. ನಾಳೆ ಬೆಳಿಗ್ಗೆ ನಮ್ಮ ಬಿಡಿಭಾಗದ ವ್ಯಾನು ನಿಮ್ಮ ಬಂದರಿನ ಕಡೆ ಬರುತ್ತದೆ. ಇದನ್ನು ನಿನ್ನ ಕೈಗೇ ಕೊಡಬೇಕು, ಗೇಟಿನವನ ಕೈಗಲ್ಲ ಎಂದು ಡ್ರೈವರಿಗೆ ಎರಡು ಸಲ ಹೇಳಿದ್ದೇನೆ. ಇನ್ನೊಂದು ಸಲವೂ ಹೇಳುತ್ತೇನೆ. ಭಾನುವಾರದ ಕಾರ್ ಓಟಕ್ಕೆ ಮೊದಲು ನೀನು ಓದಲೇಬೇಕು.

ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಗೆ ಇಟ್ಟರೆ ನನಗೇ ಧೈರ್ಯ ಸಾಲದು. ನಿನ್ನ ಗಾಡಿಯಲ್ಲಿ ತಾನಾಗಿಯೇ ಬ್ರೇಕ್ ಹಿಡಿಯುವ ಯಂತ್ರವಿದೆಯಲ್ಲ, ಅದನ್ನು ನಾನು ತೆಗೆದಿಲ್ಲ. ತೆಗೆದಿದ್ದೇನೆ ಎಂದದ್ದು ಸುಳ್ಳು. ಬೈಯುವುದಿದ್ದರೆ ಇಲ್ಲಿ ಒಂದು ಸಲ ಬೈದು ಮುಂದಕ್ಕೆ ಓದು.

ಎರಡು ತಿಂಗಳ ಹಿಂದೆ ನೀನು ಆ ಗಾಡಿ ತಂದು ನಿಲ್ಲಿಸಿದ ದಿನ ನೆನಪಿದೆಯಾ? ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡ ಹಲ್ಲಿಯ ಹಾಗೆ. ಒಳಗೆ ಕೂರಲು ನಾನು ಮೊದಲು ಮಂಡಿಯೂರಿ, ಆಮೇಲೆ ಉರುಳಿ, ಆಮೇಲೆ ಕಾಲು ಎಳೆದುಕೊಳ್ಳಬೇಕಾಯಿತು. ನೀನು ಒಂದೇ ಉಸಿರಿನಲ್ಲಿ ಮೂರು ಬೇಡ ಹೇಳಿದೆ. ಕಾಲಿಡದೆಯೇ ಒಂದೇ ವೇಗದಲ್ಲಿ ಓಡಿಸುವ ಕ್ರೂಸ್ ಕಂಟ್ರೋಲ್ ಬೇಡ, ಗೆರೆ ದಾಟಿದರೆ ಸ್ಟೀರಿಂಗ್ ನಡುಗಿಸುವುದು ಬೇಡ, ತಾನಾಗಿ ಬ್ರೇಕ್ ಹಿಡಿಯುವುದು ಬೇಡ. ಇರಲಿ ಬಿಡು, ಪಾಪ, ಅವು ಏನು ಮಾಡಿಯಾವು ಎಂದೆ ನಾನು. "ವಾರವಿಡೀ ಕ್ರೇನಿನ ಗಾಜಿನ ಪೆಟ್ಟಿಗೇಲಿ ಕೂತಿರ್ತೀನಮ್ಮ. ಎತ್ತೋದೂ ಕಂಪ್ಯೂಟರು, ಇಳಿಸೋದೂ ಕಂಪ್ಯೂಟರು. ಗಾಳಿ ಜಾಸ್ತಿ ಆದ್ರೆ ನನ್ನನ್ನ ಒಂದು ಮಾತೂ ಕೇಳ್ದೆ ನಿಲ್ಲಿಸಿಬಿಡುತ್ತೆ. ನನಗೆ ಹೂಂ ಅನ್ನೋಕೆ ಸಂಬಳ. ಒಂದು ಗಾಡಿಯಾದ್ರೂ ನನ್ನ ಮಾತು ಕೇಳ್ಲಿ" ಎಂದೆ ನೀನು.

ಯಜಮಾನರು ನಿನ್ನ ಕಡೆಯೇ ಇದ್ದರು. ಇಂಥ ಕಾರಿಗೆ ಅವನ್ನೆಲ್ಲ ಹಾಕುವುದು ಪಂದ್ಯದ ಕುದುರೆಗೆ ಊರುಗೋಲು ಕಟ್ಟಿದ ಹಾಗೆ ಎಂದರು. ವೈಪರ್ ಹಾಕಿಸಲು ಬಂದಿದ್ದ ಹಲ್ಲು ಡಾಕ್ಟರು ಮಾತ್ರ ಸುಮ್ಮನಿರಲಿಲ್ಲ. ಎಪ್ಪತ್ತರ ಆ ಮನುಷ್ಯನದೂ ಎರಡು ಸೀಟಿನ ಗಾಡಿಯೇ ತಾನೆ. "ಇಂಥ ಗಾಡಿ ಕೊಳ್ಳೋ ಶಕ್ತಿ ಬರೋ ಹೊತ್ತಿಗೆ ಮಂಡೀಲಿ ಶಕ್ತಿ ಹೋಗಿರುತ್ತೆ ಕಣಯ್ಯಾ. ತಿರುವಿನಲ್ಲಿ ಮಾತ್ರ ಇದು ಸ್ಪೋರ್ಟ್ಸ್ ಕಾರು. ಮಿಕ್ಕ ಮುನ್ನೂರು ಕಿಲೋಮೀಟರು ಇದೂ ಒಂದು ಕುರ್ಚಿ. ಕುರ್ಚೀಲಿ ಕೂತೋನು ಕಾಲು ಚಾಚಬಾರದಾ?" ಎಂದರು. ಕುರ್ಚಿಯನ್ನೇ ಕೊಂಡಿದ್ದರೆ ಪೆಟ್ರೋಲಾದರೂ ಉಳಿಯುತ್ತಿತ್ತಲ್ಲ ಡಾಕ್ಟ್ರೇ ಎಂದು ನೀನು ಕೇಳಿದೆ. ಅವರೇ ಎಲ್ಲರಿಗಿಂತ ಜೋರಾಗಿ ನಕ್ಕರು. ನಾನೂ ನಕ್ಕ ಹಾಗೆ ಮಾಡಿದೆ. ಆಗ ಗೇಟಿನ ಹೊರಗೆ ಒಂದು ಲಾರಿ ಹೋಯಿತು. ನೀನು ಆ ಗಾಡಿಯಲ್ಲಿ ಕೂತರೆ ನಿನ್ನ ತಲೆ ಲಾರಿಯ ಗಾಲಿಯ ನಟ್ಟಿನ ಮಟ್ಟಕ್ಕೆ ಬರುತ್ತದೆ. ನಾನು ಅಳೆಯುತ್ತಿದ್ದದ್ದು ಅದನ್ನು.

ಮೂರು ದಿನ ಕೆಲಸ ಮಾಡಿದೆ. ಕ್ರೂಸ್ ಕಂಟ್ರೋಲಿನ ಕಡ್ಡಿಯನ್ನು ಸ್ಟೀರಿಂಗಿನಿಂದ ಬಿಚ್ಚಿ, ತೂತಿಗೆ ಮುಚ್ಚಳ ಹಾಕಿದೆ. ಅದು ನಿಜ. ಕನ್ನಡಿಯ ಹಿಂದಿನ, ಗೆರೆ ನೋಡುವ ಕ್ಯಾಮೆರಾದ ಪ್ಲಗ್ಗು ಕಿತ್ತೆ. ಅದೂ ನಿಜ. ಮೂರನೆಯದಕ್ಕೆ ಬಂದಾಗ ಕೈ ನಿಂತಿತು. ಅದನ್ನು ಬಂದ್ ಮಾಡುವ ಗುಂಡಿ ಡ್ಯಾಶ್‌ಬೋರ್ಡಿನಲ್ಲಿ ಮೊದಲಿನಿಂದಲೂ ಇತ್ತು, ಆದರೆ ಪ್ರತಿ ಸಲ ಗಾಡಿ ಚಾಲೂ ಮಾಡಿದಾಗ ಆ ಯಂತ್ರ ಮತ್ತೆ ಎದ್ದು ಕೂರುತ್ತಿತ್ತು. ಒಂದು ಸಲ ಒತ್ತಿದರೆ ಮತ್ತೆ ಏಳಬಾರದು ಎಂದು ನೀನು ಕೇಳಿದ್ದೆ. ನಾನು ಗುಂಡಿಯ ಹಿಂದಿನ ಎರಡು ವೈರು ಕತ್ತರಿಸಿ, ಅದನ್ನು ದೀಪಕ್ಕೆ ಮಾತ್ರ ಜೋಡಿಸಿದೆ. ಎಚ್ಚರಿಕೆಯ ಬೀಪ್ ಶಬ್ದದ ಬಾಯನ್ನೂ ಮುಚ್ಚಿಸಿದೆ. ಈಗ ಆ ಗುಂಡಿ ಒತ್ತಿದರೆ ಬಂದ್ ಎನ್ನುವ ದೀಪ ಹತ್ತುತ್ತದೆ. ದೀಪ ಮಾತ್ರ ಹತ್ತುತ್ತದೆ. ಯಂತ್ರ ಒಳಗೆ ಕಣ್ಣು ಬಿಟ್ಟುಕೊಂಡೇ ಕೂತಿದೆ.

ನೀನು ಬಂದು ಗುಂಡಿ ಒತ್ತಿದೆ, ದೀಪ ನೋಡಿದೆ, ಗ್ರೀಸು ಹತ್ತಿದ ನನ್ನ ಅಂಗಿಯನ್ನೂ ಲೆಕ್ಕಿಸದೆ ತಬ್ಬಿಕೊಂಡೆ. ಬೇರೆ ಯಾರ ಕೈಗೆ ಕೊಟ್ಟಿದ್ದರೂ ನನಗೆ ಇಷ್ಟು ನಂಬಿಕೆ ಇರುತ್ತಿರಲಿಲ್ಲ ಎಂದೆ ನೀನು. ಆಗಲೇ ಹೇಳಬಹುದಿತ್ತು. ನಾನು ಕೈ ಒರೆಸಿಕೊಳ್ಳುವ ಬಟ್ಟೆ ಹುಡುಕಿದೆ.

ಆಗ ನನ್ನ ಲೆಕ್ಕ ಹೀಗಿತ್ತು: ಅದು ಒಂದು ಮೂಲೆಯಲ್ಲಿ ಸುಮ್ಮನೆ ಇರುತ್ತದೆ. ನೀನು ಸರಿಯಾಗಿ ಓಡಿಸಿದರೆ ಅದಕ್ಕೆ ಕೆಲಸವೇ ಇಲ್ಲ. ಎಂದೋ ಒಂದು ದಿನ ನಿನ್ನ ಕಣ್ಣು ತಪ್ಪಿದರೆ ಹಿಡಿದುಕೊಳ್ಳುತ್ತದೆ. ನಿನ್ನ ಮಾತೂ ನಡೆಯಿತು, ನನ್ನ ಜೀವವೂ ಉಳಿಯಿತು. ಎರಡು ತಿಂಗಳು ನಿಜಕ್ಕೂ ಚೆನ್ನಾಗಿ ಊಟ ಮಾಡಿದೆ. ಮೈ ಬಂದಿದೆ ಎಂದು ನೀನೇ ಹೇಳಿದ್ದೆ.

ಹೋದ ಶನಿವಾರ ಹಲ್ಲು ಡಾಕ್ಟರ ಗಾಡಿ ಹಿಂದಿನ ಬಂಪರ್ ಜಜ್ಜಿಸಿಕೊಂಡು ಬಂತು. ಸೇತುವೆ ರಿಪೇರಿಗಾಗಿ ರಸ್ತೆಯ ಮೇಲೆ ಕಬ್ಬಿಣದ ತಗಡು ಹಾಸಿದ್ದರಂತೆ. ಅದನ್ನು ಯಾವುದೋ ವಾಹನ ಅಡ್ಡ ನಿಂತಿದೆ ಎಂದುಕೊಂಡು ಗಾಡಿ ತಾನೇ ಬ್ರೇಕ್ ಹಿಡಿಯಿತು. "ನನಗೆ ಇದರ ಚಾಳಿ ಗೊತ್ತು ತಾಯಿ. ತಕ್ಷಣ ಆಕ್ಸಿಲರೇಟರ್ ತುಳಿದೆ, ಬಿಟ್ಟುಬಿಡ್ತು. ಹಿಂದಿನವನು ಒಂದು ಮುತ್ತು ಕೊಟ್ಟ, ಅಷ್ಟೇ. ಗೊತ್ತಿಲ್ಲದೋನಾಗಿದ್ರೆ ಇದೇನಾಯ್ತು ಅಂತ ಯೋಚನೆ ಮಾಡ್ತಾ ಕೂತಿರ್ತಿದ್ದ, ಅಷ್ಟರಲ್ಲಿ ಹಿಂದಿನ ಗಾಡಿ ಬಂದು ಮಡಿಲಲ್ಲಿ ಕೂತಿರ್ತಿತ್ತು" ಎಂದರು. ಯಜಮಾನರು ಬಂಪರ್ ನೋಡುತ್ತಿದ್ದರು. ಯಾರೂ ನನ್ನ ಕಡೆ ನೋಡಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನೇ ಎದ್ದು, ಆ ಯಂತ್ರ ಹೀಗೂ ಮಾಡುತ್ತದಾ ಎಂದು ಕೇಳಿದೆ. ವೈರಿನ ಕೆಲಸ ನಿನ್ನದು, ನನ್ನನ್ನ ಕೇಳ್ತೀಯಲ್ಲಮ್ಮ ಎಂದರು ಡಾಕ್ಟರು.

ವರ್ಷಕ್ಕೊಂದು ಸಲ ಅದು ಹೀಗೆ ತಪ್ಪು ತಿಳಿಯಬಹುದು. ಡಾಕ್ಟರಿಗೆ ಗೊತ್ತಿತ್ತು, ಕಾಲು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಯಿತು. ನಿನಗೆ ಗೊತ್ತಿಲ್ಲ. ನಿನ್ನ ಕಣ್ಣ ಮುಂದೆ ಬಂದ್ ಎಂದು ದೀಪ ಉರಿಯುತ್ತಿರುತ್ತದೆ. ಭಾನುವಾರ, ಹಿಂದೆ ವಿಮಾನ ಇಳಿಯುತ್ತಿದ್ದ ಆ ಹಳೆಯ ರನ್‌ವೇಯಲ್ಲಿ ನಾಲ್ಕು ನಾಲ್ಕು ಗಾಡಿ ಒಟ್ಟಿಗೆ ಬಿಡುತ್ತಾರೆ, ಹಿಂದಿನ ಗಾಡಿಗೂ ಮುಂದಿನದಕ್ಕೂ ಒಂದು ಗಾಡಿಯಷ್ಟೂ ಜಾಗ ಇರುವುದಿಲ್ಲ ಎಂದು ನೀನೇ ಹೆಮ್ಮೆಯಿಂದ ಹೇಳಿದೆ. ಅಷ್ಟು ಹತ್ತಿರದ ಗಾಡಿಯನ್ನು ಕಂಡರೆ ನಿನ್ನ ಯಂತ್ರ ಸುಮ್ಮನಿರುತ್ತದೆಂದು ನಾನು ಹೇಗೆ ಹೇಳಲಿ? ಮುಂದಿನದಕ್ಕೆ ನೀನು ತಾಗುವುದಿಲ್ಲ. ಹಿಂದಿನದು ನಿನಗೆ ತಾಗುತ್ತದೆ.

ಈಗ ಕೆಲಸದ ಮಾತು. ನಿಧಾನವಾಗಿ ಓದು. ಎಡಗಾಲಿನ ಪಕ್ಕ, ಡ್ಯಾಶ್‌ಬೋರ್ಡಿನ ಕೆಳಗೆ ಚೌಕದ ಮುಚ್ಚಳವಿದೆ, ಉಗುರಿನಿಂದ ತೆಗೆಯಬಹುದು. ಒಳಗೆ ಮೇಲಿನ ಸಾಲಿನಲ್ಲಿ ಎಡಗಡೆಯಿಂದ ನಾಲ್ಕನೆಯ ಫ್ಯೂಸು, ಕೆಂಪು ಬಣ್ಣದ್ದು. ಗಾಡಿ ಆರಿಸಿ, ಅದನ್ನು ಕೀಳು. ಅಲ್ಲಿಗೆ ಆ ಯಂತ್ರ ನಿಜವಾಗಿ ಮಲಗಿತು. ನೀನು ಕಾಲಿನಿಂದ ಒತ್ತುವ ಬ್ರೇಕಿಗೂ ಅದಕ್ಕೂ ಸಂಬಂಧವಿಲ್ಲ, ಹೆದರಬೇಡ. ಆದರೂ ಫ್ಯೂಸು ಕಿತ್ತ ಮೇಲೆ ಅಂಗಳದಲ್ಲಿ ನಾಲ್ಕು ಸಲ ನಿಧಾನಕ್ಕೆ ಓಡಿಸಿ, ಬ್ರೇಕ್ ಒತ್ತಿ ನೋಡಿಕೋ. ಕೀಳದೆ ಇಟ್ಟುಕೊಳ್ಳುವೆಯಾದರೆ ಡಾಕ್ಟರು ಮಾಡಿದ್ದು ನೆನಪಿರಲಿ. ಸುಮ್ಮಸುಮ್ಮನೆ ನಿಲ್ಲಿಸಿದರೆ ಆಕ್ಸಿಲರೇಟರನ್ನು ಪೂರ್ತಿ ತುಳಿ.

ಇಂಥ ಕಾರಿಗೆ ಇವೆಲ್ಲ ಇರಬೇಕೋ ಬೇಡವೋ ಎಂದು ಯಜಮಾನರೂ ಡಾಕ್ಟರೂ ಇನ್ನೂ ವಾದ ಮಾಡುತ್ತಲೇ ಇದ್ದಾರೆ. ನನ್ನನ್ನು ಯಾರೂ ಕೇಳಿಲ್ಲ, ಕೇಳದಿದ್ದರೂ ಹೇಳುತ್ತೇನೆ. ರನ್‌ವೇಗೆ ನೀನು ಹೇಳಿದ್ದೇ ಸರಿ. ಅಲ್ಲಿ ಒಬ್ಬರೇ ಓಡಿಸಬೇಕು, ಇಬ್ಬರು ಓಡಿಸಬಾರದು, ನಾನಂತೂ ಓಡಿಸಲೇಬಾರದು. ಆದರೆ ಅಲ್ಲಿಂದ ಮನೆಗೆ ಐದು ಗಂಟೆಯ ನೇರ ರಸ್ತೆ. ಮೈಯೆಲ್ಲ ದಣಿದಿರುತ್ತದೆ, ರಸ್ತೆ ಜೋಗುಳ ಹಾಡುತ್ತದೆ. ನಮ್ಮ ಗ್ಯಾರೇಜಿಗೆ ಅಪ್ಪಚ್ಚಿಯಾಗಿ ಬಂದ ಗಾಡಿಗಳಲ್ಲಿ ತಿರುವಿನಲ್ಲಿ ಹೋದವು ಕಡಿಮೆ, ಮನೆಗೆ ಮರಳುವಾಗ ಹೋದವೇ ಹೆಚ್ಚು. ಹೊರಡುವಾಗ ಫ್ಯೂಸು ಮತ್ತೆ ಹಾಕಿಕೋ ಎಂದು ಕೇಳುತ್ತೇನೆ. ಕೇಳುವುದಷ್ಟೇ. ಹಾಕಿದೆಯೋ ಇಲ್ಲವೋ ಎಂದು ಫೋನ್ ಮಾಡುವುದಿಲ್ಲ. ಮಾಡಿದರೂ ಒಂದೇ ಸಲ.

ಇನ್ನು ಮುಂದೆ ನಿನ್ನ ಗಾಡಿಯನ್ನು ಬೇರೆಯವರ ಕೈಗೆ ಕೊಡುತ್ತೀಯಾದರೆ ಕೊಡು. ನಮ್ಮ ಗ್ಯಾರೇಜಿನಲ್ಲೇ ಹೊಸಬಳು ಒಬ್ಬಳಿದ್ದಾಳೆ, ಕೈ ಚುರುಕು, ಮಾತು ಕಡಿಮೆ, ಹೇಳಿದಷ್ಟೇ ಮಾಡುತ್ತಾಳೆ. ನನಗೆ ಬೇಸರವಾಗುತ್ತದೆ. ಆದರೂ ಕೊಡು.

ಹೊತ್ತಿಗೆ ಸರಿಯಾಗಿ ತಿನ್ನು. ಕೆಮ್ಮು ನಿಜವಾಗಿಯೂ ಹೋಗಿದೆ ತಾನೆ?

ನಿನಗೆ ಸುಳ್ಳು ಹೇಳಿದ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಆಗಲಿಲ್ಲ. ನಿನ್ನ ಗಾಡಿಯೊಂದೇ ಅಲ್ಲ. ಈ ಮೂರು ವರ್ಷದಲ್ಲಿ ಆ ಯಂತ್ರ ತೆಗೆಸಲು ಬಂದ ಬೇರೆ ಹನ್ನೊಂದು ಗಾಡಿಗೆ ಹೀಗೆಯೇ ದೀಪ ಹಚ್ಚಿ ಕಳಿಸಿದ್ದೇನೆ. ಅವರೂ ಯಾರದೋ ಮಕ್ಕಳು, ಬದುಕಲಿ ಎಂದುಕೊಂಡೆ. ಆ ಮಕ್ಕಳಿಗೆ ಹೇಳಬೇಕೆಂದು ಹೊಳೆಯಲಿಲ್ಲ. ವ್ಯಾನು ಹೊರಟ ಕೂಡಲೇ ಯಜಮಾನರ ಹತ್ತಿರ ಹೋಗಿ ಎಲ್ಲ ಹೇಳುತ್ತೇನೆ. ಅವರು ಕೆಲಸದಲ್ಲಿ ಇಟ್ಟುಕೊಳ್ಳಲಿ, ಬಿಡಲಿ, ಮೊದಲು ಹನ್ನೊಂದು ಮನೆಗೂ ಫೋನ್ ಹೋಗಬೇಕು. ಆ ಹನ್ನೊಂದರ ಹೊರತು ಇನ್ನೊಂದು ಗಾಡಿಯದು ಮಾತ್ರ ನನಗೆ ನೆನಪಾಗುತ್ತಿಲ್ಲ: ಹಳದಿ ಗಾಡಿಯ ನರ್ಸು, ಭಾನುವಾರದ ಪಟ್ಟಿಯಲ್ಲಿ ನಿನ್ನ ಹೆಸರಿನ ಕೆಳಗೇ ಇದ್ದಾಳೆ ಎಂದಿದ್ದೆಯಲ್ಲ, ಅವಳದು. ಅವಳ ಯಂತ್ರ ನಿಜಕ್ಕೂ ತೆಗೆದೆನೋ, ದೀಪ ಹಚ್ಚಿ ಕಳಿಸಿದೆನೋ? ಓಟಕ್ಕೆ ಮೊದಲು ಅವಳಿಗೆ ಹೇಳಿ, ಗುಂಡಿಯ ಹಿಂದಿನ ವೈರಿಗೆ ಹಸಿರು ಟೇಪು ಎರಡು ಸುತ್ತು ಇದೆಯಾ ನೋಡು. ಇದ್ದರೆ ಅದು ದೀಪ ಮಾತ್ರ ಹಚ್ಚಿ ಕಳಿಸಿದ ನನ್ನ ಕೈಕೆಲಸ. ಇಲ್ಲ ಎಂದು ಕಂಡರೆ ಅಷ್ಟಕ್ಕೇ ಬಿಡಬೇಡ, ಟಾರ್ಚು ಹಿಡಿದು ಇನ್ನೊಂದು ಸಲ ನೋಡು.