ತಿರುಗಿ ಬಂದ ಅಣ್ಣನಿಗೆ

ನಿಡುಗಲ್
೯ ಫೆಬ್ರವರಿ ೨೦೨೫

ಭೂಷಣ್ ಅಣ್ಣನಿಗೆ ವೇದಾವತಿಯ ನಮಸ್ಕಾರ.

ಫೋನಿನಲ್ಲಿ ಹೇಳಲು ನೋಡಿದೆ. ನಿಮ್ಮ ದನಿ ಕೇಳಿದೊಡನೆ ಮಾತು ಬಿಸಿಲು, ಸೆಕೆಯ ಕಡೆ ಹೊರಳಿತು. ಅದಕ್ಕೇ ಬರೆಯುತ್ತಿದ್ದೇನೆ. ನಾನು ಮದುವೆಯಾಗುತ್ತಿದ್ದೇನೆ. ಅವರು ಸುರೇಶ್, ಬಡವನಹಳ್ಳಿಯವರು, ನಮ್ಮ ಶಾಲೆಯಲ್ಲೇ ವಿಜ್ಞಾನದ ಮೇಷ್ಟ್ರು. ಅತ್ತೆಯೂ ನಮ್ಮ ಜೊತೆಗೇ ಇರಲಿ ಎಂದು ಅವರೇ ಹೇಳಿದರು.

ನಾನು ಮೊದಲು ಬೇಡವೆಂದೆ. ಒಪ್ಪಿಸಿದವರು ಅತ್ತೆ. ಮುದ್ದೆ ಕಟ್ಟುತ್ತಲೇ, "ನನ್ ಮಗ ಹೋದ ಕಣಮ್ಮ, ನೀನು ಹೋಗಿಲ್ಲ. ಅದು ನಂಗೆ ಗ್ಯಾನ ಐತೆ, ನಿಂಗೂ ಇರ್ಲಿ" ಅಂದರು.

ರಾಜು ಹೋಗಿ ಐದು ವರ್ಷವಾಯಿತು. ಪ್ರತಿ ವರ್ಷ ಆ ದಿನಕ್ಕೆ ನೀವು ರಜೆ ಹಾಕಿ, ಸಿರಾದಿಂದ ಬಸ್ಸು ಹಿಡಿದು ಬರುತ್ತೀರಿ. ಫೋಟೋದ ಕೆಳಗೆ ಕೂತು ಆ ಬೆಳಿಗ್ಗೆಯನ್ನು ಮೊದಲಿಂದ ಹೇಳುತ್ತೀರಿ. ಗಡಿಯ ಠಾಣೆಗೆ ಔಷಧಿ ಒಯ್ಯುತ್ತಿದ್ದ ಎರಡು ಹೆಲಿಕಾಪ್ಟರ್, ಮುಂದೆ ರಾಜು, ಹಿಂದೆ ನೀವು, ಕಣಿವೆಯನ್ನು ಇದ್ದಕ್ಕಿದ್ದಂತೆ ಮುಚ್ಚಿದ ಮೋಡ. ವಾಪಸ್ ತಿರುಗೆಂದು ರಾಜು ರೇಡಿಯೋದಲ್ಲಿ ನಿಮಗೆ ಹೇಳಿದ್ದು, ನೀವು ತಿರುಗಿದ್ದು.

ಮೊದಲ ವರ್ಷ ಅದನ್ನು ಕೇಳಿಯೇ ನಾನು ಬದುಕಿದೆ. ಈಗ ಪ್ರತಿ ಸಲ ನೀವು ಬಸ್ಸು ಹತ್ತಿದ ಮೇಲೆ ಅತ್ತೆ ಹಾಸಿಗೆ ಹಿಡಿಯುತ್ತಾರೆ. ಪಾಠ ಮಾಡಲು ನನಗೆ ದನಿ ಏಳುವುದಿಲ್ಲ. ನೀವು ಆಮೇಲೆ ಹಾರಲೇ ಇಲ್ಲ, ಆಫೀಸಿನ ಕೆಲಸ ಕೇಳಿ ಪಡೆದಿರಿ ಎಂಬುದೂ ನಮಗೆ ಗೊತ್ತು. ತಿರುಗಿ ಬಂದದ್ದು ನಿಮ್ಮ ತಪ್ಪೆಂದು ಈ ಮನೆಯಲ್ಲಿ ಯಾರೂ ಒಮ್ಮೆಯೂ ಅಂದುಕೊಂಡಿಲ್ಲ. ನೀವು ಮನೆ ಸೇರಲೆಂದೇ ರಾಜು ತಿರುಗೆಂದು ಹೇಳಿದ್ದು.

ನಮಗೆ ಬೇರೆ ರಾಜುವೂ ಬೇಕು ಅಣ್ಣ. ಹೋದ ತಿಂಗಳು ಬಸ್ಸಿಗೆ ಕಾಯುವಾಗ ನೀವು ಹೇಳಿದಿರಲ್ಲ, ಒಮ್ಮೆ ಇಬ್ಬರೂ ಪಾವಗಡದ ಮೇಲೆ ಹಾರುತ್ತಿದ್ದಾಗ ಸೋಲಾರ್ ಫಲಕಗಳು ಥಳಥಳಿಸಿದ್ದನ್ನು ಕಂಡು, ನಮ್ಮ ಕಡೆ ಕೆರೆ ತುಂಬಿದೆ ಎಂದು ರಾಜು ಕೂಗಿಕೊಂಡರಂತೆ. ಅದನ್ನು ಅತ್ತೆಗೆ ಹೇಳಿದೆ. ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಮಗ ಹೋದಮೇಲೆ ಅವನ ಮಾತು ತೆಗೆದಾಗ ಅವರು ನಕ್ಕದ್ದು ಅದೇ ಮೊದಲು.

ಮದುವೆ ಏಪ್ರಿಲ್ ಹದಿಮೂರು, ಮಧುಗಿರಿಯಲ್ಲಿ. ಬುದ್ಧನ ಪಟದ ಮುಂದೆ ಪ್ರತಿಜ್ಞೆ, ಆಮೇಲೆ ಊಟ, ಅಷ್ಟೇ. ನೀವು ಬರಬೇಕು. ರಾಜು ಹೋದ ದಿನಕ್ಕೆ ಮಾತ್ರ ಇನ್ನು ಬರಬೇಡಿ. ಬೇರೆ ಯಾವಾಗಲಾದರೂ ಬನ್ನಿ, ಹೇಳದೆಯೂ ಬನ್ನಿ.

ನಿಮ್ಮ ತಂಗಿ,
ವೇದಾವತಿ

ಮರೆತು ಬಿಟ್ಟದ್ದಲ್ಲ, ಬರೆಯಲೋ ಬೇಡವೋ ಎಂದಿದ್ದೆ: ಈ ಸಲ ಅತ್ತೆ ಮಗನ ಕೊನೆಯ ಮಾತೇನೆಂದು ಕೇಳಿದಾಗ, ರಾಜು ರೇಡಿಯೋದಲ್ಲಿ 'ಅವ್ವಾ' ಎಂದು ಕರೆದರೆಂದಿರಿ. ರಾಜು ತಾಯಿಯನ್ನು ಚಿಕ್ಕಂದಿನಿಂದ ಕರೆಯುತ್ತಿದ್ದದ್ದು 'ಅಕ್ಕಾ' ಎಂದು. ಅತ್ತೆಗೆ ಆಗಲೇ ತಿಳಿಯಿತು. ಈಗ ನಾನು ಬರೆಯುವುದನ್ನು ನೋಡಿ ಹೇಳಿದರು: "ಪಾಪ, ನನಗೋಸ್ಕರ ಸುಳ್ಳು ಹೇಳ್ತು ಆ ಮಗ. ಮದ್ವೆಗೆ ಬರ್ಲಿ. ಅವ್ವಾ ಅಂತ ಅವ್ನೇ ಕರೀಲಿ ಬುಡು."